ಶಾಗಿರ್ದನಾಗಿ ನೊಂದು ಉಸ್ತಾದನಾಗಿ ಬೆಳೆದವರು: ರಾಬರ್ಟ್ ಬಾಷ್

ಶಿವಾಜಿನಗರದ ಗುಜರಿ ಅಂಗಡಿಗಳಲ್ಲಾಗಲಿ, ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರದ ಕಡೆಗೆ ಹೋಗುವಾಗ ಸಿಗುವ ಲಾರಿ ಗ್ಯಾರೇಜುಗಳಲ್ಲಾಗಲಿ ಮೈಕೋ ಎಂಬ ಪದ ಗೊತ್ತಿಲ್ಲದ ಮೆಕ್ಯಾನಿಕ್ ಇರಲಾರ. ಮೈಕೋ ಪಂಪು, ಮೈಕೋ ನಾಝಲ್, ಮೈಕೋ ಪ್ಲಗ್. ಬಿಟಿಎಂ ಕಡೆ ಒಂದು ಬಡಾವಣೆಗೇ ಮೈಕೋ ಲೇಔಟ್ ಎಂಬ ಹೆಸರಿದೆ. ಮೋಟಾರ್ ಇಂಡಸ್ಟ್ರೀಸ್ ಕಂಪನಿ ಎಂಬುದರ ಸಂಕ್ಷಿಪ್ತ ರೂಪ ಅದು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಕಂಪನಿ ಆಡುಗೋಡಿಯ ಕಾರ್ಖಾನೆಯಿಂದ ದೇಶಕ್ಕೆಲ್ಲ ಹೆಸರಾಯಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಆ ಹೊಸ ಹೆಸರಿನ ಹಿಂದಿರುವ ಮನುಷ್ಯ ಬೆಂಗಳೂರಿನ ಕಂಪನಿ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಅವರೇ ರಾಬರ್ಟ್ ಬಾಷ್. ನಮ್ಮಲ್ಲಿ ಅನೇಕರ ಮನೆಯ ಅನ್ನ ಗ್ಯಾರೇಜಿನ ದುಡಿಮೆಯಿಂದ ಬರುತ್ತದೆ. ಆದ್ದರಿಂದ ಅವರ ಬದುಕನ್ನು ನಾವು ತಿಳಿದುಕೊಳ್ಳಬೇಕು.

ಬಾಲ್ಯ ಮತ್ತು ಕೆಲಸ ಕಲಿತ ದಿನಗಳು

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ದಕ್ಷಿಣ ಜರ್ಮನಿಯ ಉಲ್ಮ್ ನಗರದ ಹತ್ತಿರವಿರುವ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ತಂದೆ ಸರ್ವೇಷಿಯಸ್ ಅವರಿಗೆ ಒಂದು ಛತ್ರವೂ ಹೊಲವೂ ಇದ್ದವು. ಹನ್ನೆರಡು ಮಕ್ಕಳಲ್ಲಿ ರಾಬರ್ಟ್ ಹನ್ನೊಂದನೆಯವರು. ತಂದೆ ಓದಿನಲ್ಲಿ ಆಸಕ್ತಿಯುಳ್ಳವರು, ಮಕ್ಕಳ ಶಿಕ್ಷಣಕ್ಕೆ ಬೆಲೆ ಕೊಟ್ಟವರು. 1869ರಲ್ಲಿ ಕುಟುಂಬ ಉಲ್ಮ್‌ಗೆ ಬಂದು ನೆಲೆಸಿತು.

ಅಲ್ಲಿ ಶಾಲೆ ಮುಗಿಸಿದ ಮೇಲೆ, 1876ರಲ್ಲಿ, ಹದಿನೈದರ ವಯಸ್ಸಿಗೆ ರಾಬರ್ಟ್ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಒಬ್ಬ ಉಸ್ತಾದನ ಬಳಿ ಸೇರಿದರು. ನಮ್ಮ ಓಣಿಗಳಲ್ಲಿ ಶಾಗಿರ್ದ್ ಎನ್ನುತ್ತೇವಲ್ಲ, ಅದೇ. ಆದರೆ ಆ ಉಸ್ತಾದ ಹುಡುಗರ ಕಡೆ ಗಮನವನ್ನೇ ಕೊಡಲಿಲ್ಲ. ಕೆಲಸವನ್ನು ಕ್ರಮವಾಗಿ ಕಲಿಸಲಿಲ್ಲ, ತಪ್ಪನ್ನು ತಿದ್ದಲಿಲ್ಲ. ಮೂರು ವರ್ಷ ಹೀಗೇ ಕಳೆದುಹೋಯಿತು. ಈ ನೋವನ್ನು ಬಾಷ್ ಬದುಕಿನುದ್ದಕ್ಕೂ ಮರೆಯಲಿಲ್ಲ. ಮುಂದೆ ತಮ್ಮ ಕೈಕೆಳಗೆ ಕಲಿಯಲು ಬಂದ ಹುಡುಗರಿಗೆ ಅವರು ಏನು ಮಾಡಿದರು ಎಂಬುದನ್ನು ನೋಡುವಾಗ ಈ ಮೂರು ವರ್ಷಗಳನ್ನು ನೆನಪಿಡಬೇಕು.

ಆಮೇಲೆ ಅವರು ಜರ್ಮನಿಯ ಬೇರೆ ಬೇರೆ ಕಾರ್ಯಾಗಾರಗಳಲ್ಲಿ ದುಡಿದರು. ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಅತಿಥಿ ವಿದ್ಯಾರ್ಥಿಯಾಗಿ ಸ್ವಲ್ಪ ಕಾಲ ಪಾಠ ಕೇಳಿದರು. 1884ರಲ್ಲಿ ಅಮೆರಿಕಕ್ಕೆ ಹೋಗಿ ಎಡಿಸನ್ ಅವರ ಕಾರ್ಖಾನೆಯಲ್ಲಿ, ನಂತರ ಇಂಗ್ಲೆಂಡಿನಲ್ಲಿ ಸೀಮೆನ್ಸ್ ಸೋದರರ ಕಂಪನಿಯಲ್ಲಿ ಕೆಲಸ ಮಾಡಿದರು. ದೊಡ್ಡ ಪದವಿ ಅವರ ಹೆಸರಿನ ಮುಂದಿರಲಿಲ್ಲ. ಅವರ ಬಳಿ ಇದ್ದದ್ದು ಅನೇಕ ಕಡೆ ಕೆಲಸ ನೋಡಿ ಕಲಿತ ಕೈ.

ಒಂದು ಸಣ್ಣ ಕಾರ್ಯಾಗಾರ

1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್‌ನಲ್ಲಿ ಬಾಷ್ ಸ್ವಂತ ಕಾರ್ಯಾಗಾರ ತೆರೆದರು. ಜೊತೆಗಿದ್ದವರು ಇಬ್ಬರೇ: ಒಬ್ಬ ಕೆಲಸಗಾರ, ಒಬ್ಬ ಓಡಾಟದ ಹುಡುಗ. ಟೆಲಿಫೋನ್ ಜೋಡಿಸುವುದು, ವಿದ್ಯುತ್ ಗಂಟೆ ಕೂರಿಸುವುದು, ಸಿಕ್ಕ ರಿಪೇರಿ ಮಾಡುವುದು, ಹೀಗೆ ಬಂದ ಕೆಲಸವನ್ನೆಲ್ಲ ಒಪ್ಪಿಕೊಂಡರು. ಮೊದಲ ವರ್ಷಗಳು ಕಷ್ಟದವು. ಒಮ್ಮೆ ಕೆಲಸವಿಲ್ಲದೆ ಬಹುಪಾಲು ಕೆಲಸಗಾರರನ್ನು ಮನೆಗೆ ಕಳುಹಿಸಬೇಕಾಯಿತು.

ಅವರನ್ನು ಮೇಲೆತ್ತಿದ್ದು ಮ್ಯಾಗ್ನೆಟೋ ಎಂಬ ಸಾಧನ. ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಅಧ್ಯಾಯ ಓದಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಾಂತಕ್ಷೇತ್ರದಲ್ಲಿ ಸುರುಳಿ ಚಲಿಸಿದರೆ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತಿನಿಂದ ಕಿಡಿ ಹಾರಿಸಿ ಎಂಜಿನ್ನಿನ ಒಳಗಿನ ಅನಿಲವನ್ನು ಹೊತ್ತಿಸಬಹುದು. 1887ರಲ್ಲಿ ಬಾಷ್ ಒಂದು ಕಡೆ ನಿಂತು ಓಡುವ ಎಂಜಿನ್ನಿಗೆ ಮ್ಯಾಗ್ನೆಟೋ ಮಾಡಿಕೊಟ್ಟರು. 1897ರಲ್ಲಿ ಅದನ್ನು ವಾಹನದ ವೇಗಕ್ಕೆ ಹೊಂದಿಸಿ ಮೂರು ಚಕ್ರದ ಮೋಟಾರು ಗಾಡಿಗೆ ಕೂರಿಸಿದರು. 1902ರಲ್ಲಿ ಅವರ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ ಜೋಡಿಯನ್ನು ರೂಪಿಸಿದರು. ಅಲ್ಲಿಂದ ಬಾಷ್ ಹೆಸರು ಲೋಕವೆಲ್ಲ ಹಬ್ಬಿತು. 1913ರ ಹೊತ್ತಿಗೆ ಕಂಪನಿಯ ಮಾರಾಟದಲ್ಲಿ ಶೇ. 88ರಷ್ಟು ಜರ್ಮನಿಯ ಹೊರಗೇ ನಡೆಯುತ್ತಿತ್ತು.

ಮೊದಲ ಮಹಾಯುದ್ಧ ಇದನ್ನೆಲ್ಲ ಕಸಿದುಕೊಂಡಿತು. ಹೊರದೇಶಗಳಲ್ಲಿದ್ದ ಆಸ್ತಿ ಮತ್ತು ಹಕ್ಕುಗಳು ಕೈತಪ್ಪಿದವು, ಅಮೆರಿಕದ ಕಾರ್ಖಾನೆ ಹೋಯಿತು. ಅರವತ್ತು ವರ್ಷ ವಯಸ್ಸಿನ ಬಾಷ್ ಮತ್ತೆ ಹೊಸ ದಾರಿ ಹುಡುಕಬೇಕಾಯಿತು. 1922ರಲ್ಲಿ ಭಾರತದ ಮಾರುಕಟ್ಟೆಗಾಗಿ ಕಲ್ಕತ್ತಾದಲ್ಲಿ ಏಜೆನ್ಸಿ ತೆರೆದದ್ದೂ, ಲಾರಿಗಳ ಚರಿತ್ರೆಯನ್ನೇ ಬದಲಿಸಿದ ಒಂದು ತೀರ್ಮಾನ ಕೈಗೊಂಡದ್ದೂ ಒಂದೇ ವರ್ಷದಲ್ಲಿ.

ಡೀಸೆಲ್ ಎಂಜಿನ್ನಿಗೆ ಹೊಸ ಹೃದಯ

ರುಡಾಲ್ಫ್ ಡೀಸೆಲ್ ಅವರ ಎಂಜಿನ್ 1897ರಲ್ಲೇ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿತ್ತು. ಅದಕ್ಕೆ ಕಿಡಿ ಬೇಡ. ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿ ಹಿಡಿದರೆ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕ್ಷಣದಲ್ಲಿ ಎಣ್ಣೆ ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಕಷ್ಟವಿದ್ದದ್ದು ಸಿಂಪಡಿಸುವುದರಲ್ಲಿ. ಒಳಗಿನ ಗಾಳಿಯೇ ಅಷ್ಟು ಒತ್ತಡದಲ್ಲಿರುವಾಗ ಎಣ್ಣೆಯನ್ನು ಒಳಗೆ ನೂಕುವುದು ಹೇಗೆ? ಇನ್ನೂ ಹೆಚ್ಚು ಒತ್ತಡದ ಗಾಳಿಯಿಂದ ಎಣ್ಣೆಯನ್ನು ಊದಿ ಕಳಿಸುವುದು ಡೀಸೆಲ್ ಕಂಡುಕೊಂಡ ಉಪಾಯ. ಅದಕ್ಕೆ ಬೇರೆಯೇ ಒಂದು ಕಂಪ್ರೆಸರ್ ಬೇಕಿತ್ತು. ಕಾರ್ಖಾನೆಗೆ, ಹಡಗಿಗೆ ಅದು ಸರಿ. ಲಾರಿಯ ಮೇಲೆ ಅಷ್ಟು ಭಾರ ಹೊರಿಸುವುದು ಆಗದ ಮಾತು. ಡೀಸೆಲ್ 1913ರಲ್ಲಿ ಹಡಗಿನ ಪ್ರಯಾಣದಲ್ಲಿ ಕಾಣೆಯಾಗಿ ಸಮುದ್ರದಲ್ಲಿ ತೀರಿಕೊಂಡರು. ಅವರ ಎಂಜಿನ್ ರಸ್ತೆಯ ಮೇಲೆ ಗೆದ್ದದ್ದನ್ನು ಅವರು ನೋಡಲಿಲ್ಲ.

1923 ಮತ್ತು 1924ರಲ್ಲಿ ಬೆನ್ಜ್ ಹಾಗೂ ಎಂಎಎನ್ ಕಂಪನಿಗಳು ಕಂಪ್ರೆಸರ್ ಇಲ್ಲದ ಡೀಸೆಲ್ ಲಾರಿಗಳನ್ನು ತೋರಿಸಿದವು. ಆದರೆ ಎಲ್ಲ ಎಂಜಿನ್ ತಯಾರಕರೂ ನಂಬಬಹುದಾದ, ಸಾವಿರಗಟ್ಟಲೆ ಒಂದೇ ಅಳತೆಯಲ್ಲಿ ಸಿಗುವ ಪಂಪು ಇರಲಿಲ್ಲ. ಬಾಷ್ ಅವರ ಕಾರ್ಖಾನೆ 1922ರಲ್ಲಿ ಕೈಗೆತ್ತಿಕೊಂಡ ಕೆಲಸ ಇದೇ. ಐದು ವರ್ಷದ ಪ್ರಯೋಗಗಳ ನಂತರ, 1927ರಲ್ಲಿ, ಇಂಧನ ಸಿಂಪಡಿಸುವ ಪಂಪಿನ ಸರಣಿ ತಯಾರಿಕೆ ಶುರುವಾಯಿತು. 1936ರಲ್ಲಿ ಡೀಸೆಲ್ ಕಾರಿಗೂ ಅದು ಬಂತು.

ಈ ಪಂಪಿನ ಒಳಗೆ ಪ್ರತಿ ಸಿಲಿಂಡರಿಗೆ ಒಂದರಂತೆ ಬೆರಳಿನಂಥ ಪ್ಲಂಜರುಗಳಿರುತ್ತವೆ. ಕ್ಯಾಮ್ ಶಾಫ್ಟ್ ತಿರುಗಿದಂತೆ ಪ್ಲಂಜರ್ ಮೇಲೇರಿ ಎಣ್ಣೆಯನ್ನು ಒತ್ತುತ್ತದೆ. ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಒಂದು ಗೀರಿದೆ. ಚಾಲಕ ಆಕ್ಸಿಲರೇಟರ್ ಒತ್ತಿದಾಗ ಒಂದು ಹಲ್ಲಿನ ಪಟ್ಟಿ ಪ್ಲಂಜರನ್ನು ಸ್ವಲ್ಪ ತಿರುಗಿಸುತ್ತದೆ, ಗೀರಿನ ಜಾಗ ಬದಲಾಗಿ ಒಳಹೋಗುವ ಎಣ್ಣೆಯ ಪ್ರಮಾಣವೂ ಬದಲಾಗುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೂ ನಿಮಿಷಕ್ಕೆ 750 ಸಲ, ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಸಲ, ಸರಿಯಾದ ಕ್ಷಣಕ್ಕೆ ಸರಿಯಾದ ಹನಿ ಹೋಗಬೇಕು. ಪ್ಲಂಜರಿಗೂ ಅದರ ಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಅದಕ್ಕೇ ಅವು ಜೋಡಿಯಾಗಿ ಹುಟ್ಟುತ್ತವೆ. ಒಂದರ ಪ್ಲಂಜರನ್ನು ಇನ್ನೊಂದರ ಕೊಳವೆಗೆ ಹಾಕುವಂತಿಲ್ಲ.

ನಮ್ಮ ಗ್ಯಾರೇಜುಗಳಿಗೆ ಮುಖ್ಯವಾದ ವಿಷಯ ಇನ್ನೊಂದಿದೆ. ಪಂಪು ಎಂಜಿನ್ನಿನ ಹೊರಗೆ ಬೋಲ್ಟು ಹಾಕಿ ಕೂರಿಸುವ ಪ್ರತ್ಯೇಕ ಅಂಗವಾಯಿತು. ಅದನ್ನು ಬಿಚ್ಚಿ ಟೆಸ್ಟ್ ಬೆಂಚಿನ ಮೇಲಿಟ್ಟು ಅಳತೆ ನೋಡಬಹುದು, ಸರಿಪಡಿಸಬಹುದು, ಬೇಕಾದರೆ ಬೇರೆಯದನ್ನು ಕೂರಿಸಬಹುದು. ಹಳೆಯ ಲಾರಿ ಎಂಜಿನ್ನಿಗೆ ಬೇರೆ ಪಂಪು ಹಾಕಿ ಓಡಿಸುವ ಜಾಣ್ಮೆ ನಮ್ಮ ಮೆಕ್ಯಾನಿಕ್ಕುಗಳಿಗೆ ಸಾಧ್ಯವಾಗಿರುವುದು ಇದರಿಂದಲೇ. ಆದರೆ ಕೆಲಸ ಕಟ್ಟುನಿಟ್ಟಿನದು. ಪಂಪು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗಬೇಕು. ಟೈಮಿಂಗ್ ಗುರುತು ಕೂಡಬೇಕು. ಪೈಪುಗಳು ಎಂಜಿನ್ನಿನ ಫೈರಿಂಗ್ ಆರ್ಡರಿನಂತೆಯೇ ಜೋಡಣೆಯಾಗಬೇಕು. ನಾಝಲ್ ತೆರೆಯುವ ಒತ್ತಡ ಆ ಎಂಜಿನ್ನಿಗೆ ಹೇಳಿದಷ್ಟೇ ಇರಬೇಕು. ಲೈನಿನಲ್ಲಿ ಗಾಳಿ ಉಳಿಯಬಾರದು, ಒಂದು ಕಣ ಧೂಳೂ ಒಳಹೋಗಬಾರದು. ಓಡುತ್ತಿರುವ ಎಂಜಿನ್ನಿನ ನಾಝಲ್ ಮುಂದೆ ಕೈ ಒಡ್ಡಲೇಬಾರದು. ಆ ಒತ್ತಡದ ಎಣ್ಣೆ ಚರ್ಮವನ್ನು ಸೀಳಿ ಒಳಹೊಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟು ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು, ಇಲ್ಲವಾದರೆ ಬೆರಳೇ ಹೋಗಬಹುದು. ವಾಹನದ ಮೂಲ ರಚನೆಯನ್ನು ಬದಲಿಸುವುದಾದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ನಿಯಮಗಳಿವೆ ಎಂಬುದೂ ನೆನಪಿರಲಿ.

ಕೆ.ಆರ್. ಪುರದ ಡೀಸೆಲ್ ಲೋಕೋ ಶೆಡ್ಡಿನ ಹೆಸರು ನೀವು ಕೇಳಿರಬಹುದು. ಅಂಥ ಶೆಡ್ಡುಗಳಲ್ಲಿ ದುರಸ್ತಿಗೆ ನಿಲ್ಲುವ ಹಳೆಯ ಆಲ್ಕೋ ಮಾದರಿಯ ರೈಲು ಎಂಜಿನ್ನುಗಳಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಬಿಡಿ ಪಂಪು ಇರುತ್ತದೆ. ಹದಿನಾರು ಸಿಲಿಂಡರಿಗೆ ಹದಿನಾರು ಪಂಪು. ಲಾರಿಯಿಂದ ರೈಲಿನವರೆಗೆ ತತ್ವ ಒಂದೇ.

ಕೆಲಸಗಾರರ ಜೊತೆ

ಬಾಷ್ 1906ರಲ್ಲೇ ತಮ್ಮ ಕಾರ್ಖಾನೆಯಲ್ಲಿ ಎಂಟು ಗಂಟೆಯ ಕೆಲಸದ ದಿನವನ್ನು ಜಾರಿಗೆ ತಂದರು. 1910ರಲ್ಲಿ ಶನಿವಾರ ಮಧ್ಯಾಹ್ನದ ರಜೆ ಕೊಟ್ಟರು. ಬೇರೆ ಮಾಲೀಕರು ಅವರನ್ನು ಕೆಂಪು ಬಾಷ್ ಎಂದು ಅಡ್ಡಹೆಸರಿಟ್ಟು ಕರೆದರು. ಹಾಗೆಂದು ಎಲ್ಲವೂ ಸುಗಮವಾಗಿರಲಿಲ್ಲ. 1913ರಲ್ಲಿ ಅವರ ಕಾರ್ಖಾನೆಯಲ್ಲೇ ಮುಷ್ಕರ ನಡೆಯಿತು, ಮಾಲೀಕನಿಗೂ ಕೆಲಸಗಾರರಿಗೂ ನಡುವೆ ಬಿರುಕು ಬಿತ್ತು. ಅದೇ 1913ರಲ್ಲಿ ಅವರು ಶಾಗಿರ್ದರಿಗಾಗಿಯೇ ಪ್ರತ್ಯೇಕ ತರಬೇತಿ ವಿಭಾಗ ತೆರೆದರು. ಕೆಲಸ ಕಲಿಯಲು ಬಂದ ಹುಡುಗರಿಗೆ ಕಲಿಸುವುದಕ್ಕೆಂದೇ ಅಲ್ಲಿ ಜನರಿದ್ದರು. ತಮಗೆ ಸಿಗದಿದ್ದ ಉಸ್ತಾದನನ್ನು ಅವರು ಬೇರೆ ಮಕ್ಕಳಿಗೆ ಒದಗಿಸಿದರು. ಆಡುಗೋಡಿಯ ಮೈಕೋದಲ್ಲೂ ಇಂಥದೇ ತರಬೇತಿ ಕೇಂದ್ರ ನಡೆದುಬಂತು, ಅಲ್ಲಿ ಕಲಿತವರು ಬೆಂಗಳೂರಿನ ಕಾರ್ಖಾನೆಗಳಲ್ಲಿ ಹೆಸರು ಮಾಡಿದರು.

ಮನೆಯಲ್ಲಿ ಅವರಿಗೆ ದೊಡ್ಡ ದುಃಖವಿತ್ತು. ಕಾರ್ಖಾನೆ ನೋಡಿಕೊಳ್ಳಬೇಕಾಗಿದ್ದ ಮಗ ದೀರ್ಘ ಕಾಯಿಲೆಯಿಂದ 1921ರಲ್ಲಿ ತೀರಿಕೊಂಡ. 1940ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಅವರು ಕಟ್ಟಿಸಿದ ಆಸ್ಪತ್ರೆ ಇಂದಿಗೂ ಅವರ ಹೆಸರಿನಲ್ಲೇ ಇದೆ.

ಕಠಿಣ ಕಾಲ

ಬಾಷ್ ಅವರ ಕೊನೆಯ ಒಂಬತ್ತು ವರ್ಷಗಳು ಹಿಟ್ಲರನ ಆಳ್ವಿಕೆಯಲ್ಲಿ ಕಳೆದವು. ಅವರು ಪ್ರಜಾಪ್ರಭುತ್ವವನ್ನು ನಂಬಿದವರು, ಫ್ರಾನ್ಸ್ ಮತ್ತು ಜರ್ಮನಿ ಸ್ನೇಹದಿಂದಿರಬೇಕೆಂದು ದುಡಿದವರು. ಅವರೂ ಅವರ ಕಂಪನಿಯ ಮುಖ್ಯಸ್ಥ ಹಾನ್ಸ್ ವಾಲ್ಜ್ ಅವರೂ ಕಿರುಕುಳಕ್ಕೆ ಒಳಗಾದ ಯಹೂದಿಗಳಿಗೆ ಗುಟ್ಟಾಗಿ ನೆರವಾದರು. ಹಿಟ್ಲರನ ವಿರೋಧಿ ಕಾರ್ಲ್ ಗೋರ್ಡೆಲರ್‌ಗೆ ಕಂಪನಿಯಲ್ಲಿ ಸಲಹೆಗಾರನ ಕೆಲಸ ಕೊಟ್ಟು ಆಸರೆಯಾದರು. ಅದೇ ಹೊತ್ತಿಗೆ ಅದೇ ಕಂಪನಿ ಯುದ್ಧದ ಯಂತ್ರಗಳಿಗೆ ಬಿಡಿಭಾಗ ತಯಾರಿಸಿತು. ಯುದ್ಧದ ವರ್ಷಗಳಲ್ಲಿ ಬೇರೆ ದೇಶಗಳಿಂದ ಬಲವಂತವಾಗಿ ಎಳೆತಂದ ಜನರನ್ನು ಅಲ್ಲಿ ದುಡಿಸಲಾಯಿತು. ಎಂಟು ಗಂಟೆಯ ದಿನ ಕೊಟ್ಟ ಕಾರ್ಖಾನೆಯಲ್ಲೇ ಇದು ನಡೆಯಿತು ಎಂಬುದನ್ನು ಮರೆಮಾಚಿ ಅವರ ಜೀವನಚರಿತ್ರೆ ಹೇಳುವುದು ನ್ಯಾಯವಲ್ಲ. ಒಳ್ಳೆಯ ಮನುಷ್ಯನ ಕೈಯಲ್ಲಿದ್ದ ಕಾರ್ಖಾನೆಯೂ ಕೆಟ್ಟ ಸರ್ಕಾರದ ಕೈಗೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಇದು ಪಾಠ.

1942ರ ಮಾರ್ಚ್ 12ರಂದು ಎಂಬತ್ತನೆಯ ವಯಸ್ಸಿನಲ್ಲಿ ರಾಬರ್ಟ್ ಬಾಷ್ ನಿಧನರಾದರು. ಅವರ ಆಶಯದಂತೆ ಕಂಪನಿಯ ಶೇ. 90ಕ್ಕೂ ಹೆಚ್ಚು ಪಾಲು ಈಗ ಅವರ ಹೆಸರಿನ ದತ್ತಿ ಸಂಸ್ಥೆಯ ಕೈಯಲ್ಲಿದೆ. ಲಾಭದ ಒಂದು ಭಾಗ ಆರೋಗ್ಯ, ಶಿಕ್ಷಣದಂಥ ಕೆಲಸಗಳಿಗೆ ಹೋಗುತ್ತದೆ.

ನಾವು ಕಲಿಯಬೇಕಾದದ್ದು

ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದವನನ್ನು ಗ್ಯಾರೇಜಿಗೆ ಕಳುಹಿಸುತ್ತೇವೆ ಎಂದು ಹೆದರಿಸುವ ಮಾತು ನಮ್ಮ ಮನೆಗಳಲ್ಲಿ ಕೇಳುತ್ತಿರುತ್ತದೆ. ಗ್ಯಾರೇಜು ಶಿಕ್ಷೆಯ ಜಾಗವಲ್ಲ. ಮಿಲಿಮೀಟರಿನ ಸಾವಿರದ ಪಾಲನ್ನು ಬೆರಳ ತುದಿಯಲ್ಲಿ ಗುರುತಿಸುವ ಮೆಕ್ಯಾನಿಕ್ ಕೂಡ ವಿದ್ಯಾವಂತನೇ. ಅವನ ವಿದ್ಯೆಗೆ ಸರ್ಟಿಫಿಕೇಟ್ ಇಲ್ಲ ಅಷ್ಟೆ. ಅದು ಸಿಗುವಂತೆ ಮಾಡುವುದೂ ನಮ್ಮ ಜವಾಬ್ದಾರಿ. ಐಟಿಐ, ಡಿಪ್ಲೊಮಾ, ಕಾರ್ಖಾನೆಗಳ ಅಪ್ರೆಂಟಿಸ್ ತರಬೇತಿ ಇವೆಲ್ಲ ತೆರೆದ ಬಾಗಿಲುಗಳು. ಪಿಯುಸಿ ವಿಜ್ಞಾನ ಓದುತ್ತಿರುವವರು ಒಮ್ಮೆ ಅಣ್ಣನ ಅಥವಾ ಚಿಕ್ಕಪ್ಪನ ಗ್ಯಾರೇಜಿಗೆ ಹೋಗಿ ಬಿಚ್ಚಿಟ್ಟ ಪಂಪನ್ನು ಕೈಯಲ್ಲಿ ಹಿಡಿದು ನೋಡಿ. ಉಷ್ಣಗತಿಶಾಸ್ತ್ರದ ಅಧ್ಯಾಯ ಅಲ್ಲಿ ಎಣ್ಣೆ ಮೆತ್ತಿಕೊಂಡು ಕೂತಿರುತ್ತದೆ.

ಇನ್ನು ಮುಂದೆ ಯಾರಾದರೂ ನಿಮ್ಮ ಕೈಕೆಳಗೆ ಕಲಿಯಲು ಬಂದರೆ, ತಂಗಿಗೆ ಗಣಿತ ಹೇಳಿಕೊಡುವುದಿರಲಿ, ಅಂಗಡಿಗೆ ಬಂದ ಹೊಸ ಹುಡುಗನಿಗೆ ಸ್ಪ್ಯಾನರ್ ಹಿಡಿಯಲು ಕಲಿಸುವುದಿರಲಿ, ಉಲ್ಮ್‌ನಲ್ಲಿ ಮೂರು ವರ್ಷ ಯಾರ ಗಮನಕ್ಕೂ ಬಾರದೆ ಕೂತಿದ್ದ ಆ ಹುಡುಗನನ್ನು ನೆನೆಯಿರಿ.