ಲಾಯದ ಮನೆಯ ಹುಡುಗ ಜಾನ್ ಕೀಟ್ಸ್

ಈ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವ ನಾನು, ರೊಮ್ಯಾಂಟಿಕ್ ಕವಿಗಳ ಮಾತು ಬಂದಾಗಲೆಲ್ಲ ಜಾನ್ ಕೀಟ್ಸನ ಬದುಕನ್ನು ಮಕ್ಕಳಿಗೆ ಹೇಳುತ್ತೇನೆ. ಕಾವ್ಯವೆಂದರೆ ಉಳ್ಳವರ ಮನೆಯ ಸೊತ್ತು ಎಂಬ ಭಾವನೆ ಹಲವರಲ್ಲಿದೆ. ಕೀಟ್ಸ್ ಹುಟ್ಟಿದ್ದು 1795ರಲ್ಲಿ, ಲಂಡನ್ನಿನಲ್ಲಿ ಬಾಡಿಗೆ ಕುದುರೆಗಳ ಲಾಯ ನೋಡಿಕೊಳ್ಳುತ್ತಿದ್ದವರ ಮಗನಾಗಿ. ಅವನಿಗೆ ಎಂಟು ವರ್ಷವಾಗಿದ್ದಾಗ ತಂದೆ ಕುದುರೆಯಿಂದ ಬಿದ್ದು ತೀರಿಕೊಂಡರು. ಹದಿನಾಲ್ಕರಲ್ಲಿ ತಾಯಿಯೂ ಕ್ಷಯಕ್ಕೆ ತುತ್ತಾದರು.

ಆಸರೆಯಾದದ್ದು ಎನ್‌ಫೀಲ್ಡ್ ಊರಿನ ಶಾಲೆ. ಮುಖ್ಯೋಪಾಧ್ಯಾಯರ ಮಗ, ಅಲ್ಲಿಯೇ ಪಾಠ ಹೇಳುತ್ತಿದ್ದ ತರುಣ ಚಾರ್ಲ್ಸ್ ಕೌಡನ್ ಕ್ಲಾರ್ಕ್, ಈ ಜಗಳಗಂಟ ಹುಡುಗನ ಕೈಗೆ ಪುಸ್ತಕ ಕೊಟ್ಟರು. ಶಾಲೆ ಬಿಟ್ಟು ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ ಮೇಲೂ ಕೀಟ್ಸ್ ಸುಮಾರು ಎರಡು ಮೈಲಿ ನಡೆದು ಬಂದು ಪುಸ್ತಕ ಒಯ್ಯುತ್ತಿದ್ದ. 1816ರ ಅಕ್ಟೋಬರಿನ ಒಂದು ರಾತ್ರಿ ಇಬ್ಬರೂ ಹೋಮರನ ಇಂಗ್ಲಿಷ್ ಅನುವಾದ ಓದುತ್ತ ಬೆಳಗು ಮಾಡಿದರು. ಮನೆಗೆ ಹೋದ ಕೀಟ್ಸ್ ಬರೆದ ಸುನೀತ ತಿಂಡಿಯ ಹೊತ್ತಿಗೆ ಕ್ಲಾರ್ಕರ ಮೇಜಿನ ಮೇಲಿತ್ತು. ಅದು ಇಂದಿಗೂ ಇಂಗ್ಲಿಷಿನ ಹೆಸರಾಂತ ಸುನೀತಗಳಲ್ಲೊಂದು.

ಅದೇ ವರ್ಷ ಅವನಿಗೆ ಔಷಧ ಕೊಡುವ ವೃತ್ತಿಯ ಪರವಾನಗಿ ಸಿಕ್ಕಿತ್ತು. ಹೊಟ್ಟೆಪಾಡಿನ ಆ ದಾರಿ ಬಿಟ್ಟು ಕಾವ್ಯವನ್ನೇ ಹಿಡಿದ. 1818ರಲ್ಲಿ ಪತ್ರಿಕೆಗಳು ಅವನ ದೀರ್ಘಕಾವ್ಯವನ್ನು ಹೀಯಾಳಿಸಿದವು. ಔಷಧದಂಗಡಿಗೇ ಮರಳುವಂತೆ ಒಂದು ಪತ್ರಿಕೆ ಅಣಕಿಸಿತು. ಡಿಸೆಂಬರಿನಲ್ಲಿ, ತಾನೇ ಆರೈಕೆ ಮಾಡುತ್ತಿದ್ದ ತಮ್ಮ ಟಾಮ್ ಕ್ಷಯದಿಂದ ತೀರಿಕೊಂಡ.

ಇಷ್ಟು ನೋವುಂಡ ಮೇಲೆ, 1819ರಲ್ಲಿ, ಅವನ ಶ್ರೇಷ್ಠ ಪ್ರಗಾಥಗಳು ಹುಟ್ಟಿದವು. ನೈಟಿಂಗೇಲ್ ಹಕ್ಕಿಯ ದನಿಯಲ್ಲಿ ಸಾವಿನ ನೆನಪನ್ನೂ ಸಾವಿಲ್ಲದ ಚೆಲುವನ್ನೂ ಒಟ್ಟಿಗೆ ಕೇಳಿದ. ಸೆಪ್ಟೆಂಬರಿನಲ್ಲಿ ವಿಂಚೆಸ್ಟರ್ ಊರಿನಾಚೆ ನಡೆದಾಡಿ ಬಂದು ಶರತ್ಕಾಲದ ಪ್ರಗಾಥ ಬರೆದ. ಕೊಯ್ಲು ಮುಗಿದು ಕೂಳೆ ಉಳಿದ ಹೊಲ ವಸಂತದ ಹಸಿರಿಗಿಂತ ಅವನ ಮನಸ್ಸಿಗೆ ಹಿಡಿಸಿತ್ತು. ಸುಗ್ಗಿ ಕಂಡ ನಮ್ಮೂರಿನವರಿಗೆ ಆ ಭಾವ ಬಿಡಿಸಿ ಹೇಳಬೇಕಿಲ್ಲ.

ಕ್ಷಯ ಅವನನ್ನೂ ಬಿಡಲಿಲ್ಲ. 1821ರ ಫೆಬ್ರವರಿ 23ರಂದು ರೋಮ್ ನಗರದಲ್ಲಿ, ಗೆಳೆಯ ಸೆವರ್ನ್‌ನ ಆರೈಕೆಯಲ್ಲಿದ್ದಾಗ ಕಣ್ಮುಚ್ಚಿದ. ವಯಸ್ಸು ಇಪ್ಪತ್ತೈದು. ತನ್ನ ಹೆಸರು ಉಳಿಯದೆಂದು ನಂಬಿದ್ದ ಅವನ ಇಚ್ಛೆಯಂತೆ ಸಮಾಧಿಕಲ್ಲಿನಲ್ಲಿ ಅವನ ಹೆಸರಿಲ್ಲ. ಆದರೂ ಇಲ್ಲಿ, ಇಷ್ಟು ದೂರದಲ್ಲಿ, ಅವನನ್ನು ಓದುತ್ತಿದ್ದೇವೆ.

ಯಾವ ಮಗು ಯಾವ ಪುಸ್ತಕದಿಂದ ಎಚ್ಚರಗೊಳ್ಳುವುದೋ ಶಿಕ್ಷಕರಾದ ನಮಗೆ ಮೊದಲೇ ತಿಳಿಯದು. ಐವತ್ತು ತುಂಬಿದ ನಮ್ಮ ಶಾಲೆಯ ಪುಸ್ತಕದ ಬೀರುವಿಗೆ ಎಂದೂ ಬೀಗ ಬೀಳದಿರಲಿ. ಹಳೆಯ ವಿದ್ಯಾರ್ಥಿಗಳು ಒಂದೊಂದು ಪುಸ್ತಕ ಸೇರಿಸಿದರೆ ನಮ್ಮ ಮಕ್ಕಳಿಗೆ ಅದಕ್ಕಿಂತ ದೊಡ್ಡ ಕಾಣಿಕೆ ಇಲ್ಲ.