ರಾಬರ್ಟ್ ಸ್ಮಾಲ್ಸ್

ಓದುಬರಹ ಕಲಿಯುವುದನ್ನು ನಾವು ತೀರ ಸಹಜವೆಂದು ಭಾವಿಸಿದ್ದೇವೆ. ಆದರೆ ಅಮೆರಿಕದ ದಕ್ಷಿಣ ಕರೋಲಿನಾ ರಾಜ್ಯದಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದು ಅಪರಾಧವೆಂದು 1834ರ ಶಾಸನವು ಸಾರಿತ್ತು. ಆ ರಾಜ್ಯದ ಬ್ಯೂಫರ್ಟ್ ಪಟ್ಟಣದಲ್ಲಿ, ಒಡೆಯನ ಮನೆಯ ಹಿಂದಣ ಗುಡಿಸಲಿನಲ್ಲಿ, 1839ರಲ್ಲಿ ರಾಬರ್ಟ್ ಸ್ಮಾಲ್ಸನು ಜನಿಸಿದನು.

ಹನ್ನೆರಡನೆಯ ವಯಸ್ಸಿನಲ್ಲಿ ಅವನನ್ನು ಚಾರ್ಲ್ಸ್‌ಟನ್ ನಗರಕ್ಕೆ ಕೂಲಿಗೆ ಕಳುಹಿಸಲಾಯಿತು. ದುಡಿಮೆ ಬಾಲಕನದು, ಕೂಲಿಯ ಹೆಚ್ಚಿನ ಪಾಲು ಒಡೆಯನದು. ಬಂದರಿನಲ್ಲಿ ದುಡಿಯುತ್ತ ಅವನು ಹಡಗು ನಡೆಸುವ ವಿದ್ಯೆಯಲ್ಲಿ ನಿಪುಣನಾದನು. ಮದುವೆಯಾಗಿ ಮಕ್ಕಳಾದರೂ ಅವರನ್ನು ಮಾರುವ ಅಧಿಕಾರ ಪರರ ಕೈಯಲ್ಲಿತ್ತು.

1861ರಲ್ಲಿ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಮೊದಲಾಯಿತು. ಸ್ಮಾಲ್ಸನು ದಕ್ಷಿಣದವರ ಪ್ಲಾಂಟರ್ ಎಂಬ ಹಡಗಿನ ಚುಕ್ಕಾಣಿ ಹಿಡಿದಿದ್ದನು. 1862ರ ಮೇ 13ರ ನಸುಕಿನಲ್ಲಿ, ಬಿಳಿಯ ಅಧಿಕಾರಿಗಳು ದಡಕ್ಕಿಳಿದು ಹೋಗಿದ್ದಾಗ, ಅವನು ತನ್ನ ಸಂಸಾರವನ್ನೂ ಸಂಗಡಿಗರನ್ನೂ ಹತ್ತಿಸಿಕೊಂಡು ಹಡಗನ್ನು ಬಿಟ್ಟನು. ಕಪ್ತಾನನ ಟೋಪಿ ಧರಿಸಿ, ಕೋಟೆಗಳಿಗೆ ಸರಿಯಾದ ಸಂಕೇತವನ್ನಿತ್ತು, ತೋಪುಗಳ ಎದುರಿನಿಂದಲೇ ಹಾದುಹೋಗಿ ಹಡಗನ್ನು ಉತ್ತರದ ನೌಕಾಪಡೆಗೆ ಒಪ್ಪಿಸಿದನು. ಸರ್ಕಾರವು ಅವನಿಗೆ 1,500 ಡಾಲರುಗಳ ಬಹುಮಾನ ಕೊಟ್ಟಿತು. ಮುಂದೆ ತೆರಿಗೆಯ ಬಾಕಿಗಾಗಿ ಹರಾಜಾದ ಒಡೆಯನ ಮನೆಯನ್ನೇ ಅವನು ಕೊಂಡನು.

1864ರಲ್ಲಿ, ಫಿಲಡೆಲ್ಫಿಯಾ ನಗರದಲ್ಲಿದ್ದಾಗ, ಈ ವೀರನು ಅಕ್ಷರ ಕಲಿಯತೊಡಗಿದನು. 1868ರಲ್ಲಿ ರಾಜ್ಯದ ಸಂವಿಧಾನವನ್ನು ರಚಿಸಿದ ಸಭೆಯ ಸದಸ್ಯನಾಗಿ, ಸರ್ವ ಮಕ್ಕಳಿಗೂ ಉಚಿತ ಶಾಲೆಗಳು ಬೇಕೆಂದು ವಾದಿಸಿದನು. 1875ರಿಂದ 1887ರ ನಡುವೆ ಐದು ಅವಧಿಗಳಲ್ಲಿ ರಾಷ್ಟ್ರದ ಪ್ರತಿನಿಧಿ ಸಭೆಯಲ್ಲಿ ಕುಳಿತನು.

ಆದರೆ ಕಾಲಚಕ್ರವು ಹಿಂದಕ್ಕೆ ತಿರುಗಿತು. ವರ್ಣದ ನೆಪದಿಂದ ಮತವನ್ನು ನಿರಾಕರಿಸಬಾರದೆಂದು ರಾಷ್ಟ್ರದ ಸಂವಿಧಾನವು 1870ರಲ್ಲಿಯೇ ವಿಧಿಸಿತ್ತು. ಆದುದರಿಂದ 1895ರ ರಾಜ್ಯ ಸಂವಿಧಾನವು ಮತದಾರರ ಅರ್ಹತೆಯಲ್ಲಿ ವರ್ಣದ ಮಾತನ್ನೇ ಎತ್ತಲಿಲ್ಲ. ಮತದಾರನಿಗೆ ಓದುಬರಹವಿರಬೇಕು, ಇಲ್ಲವೆ 300 ಡಾಲರುಗಳ ಆಸ್ತಿಯಿರಬೇಕು ಎಂದಿತು. ಅಕ್ಷರವನ್ನೂ ಕೂಲಿಯನ್ನೂ ತಲೆಮಾರುಗಳಿಂದ ಕಸಿದುಕೊಂಡ ಸಮಾಜವೇ ಈಗ ಅವೆರಡನ್ನು ಕೇಳಿತು! ಆ ಸಭೆಯಲ್ಲಿ ಕರಿಯ ಸದಸ್ಯರು ಆರೇ ಮಂದಿ. ಅವರಲ್ಲೊಬ್ಬನಾದ ಸ್ಮಾಲ್ಸನು ಸಹಿ ಹಾಕಲು ನಿರಾಕರಿಸಿದನು.

1915ರಲ್ಲಿ, ತಾನು ಕೊಂಡ ಆ ಮನೆಯಲ್ಲಿಯೇ ಅವನು ಕಣ್ಮುಚ್ಚಿದನು. ಮತದಾನದ ಹಕ್ಕನ್ನು ಭದ್ರಪಡಿಸುವ ಶಾಸನ ಬಂದುದು 1965ರಲ್ಲಿ. 1897ರ ತರುವಾಯ ಆ ರಾಜ್ಯದ ಕರಿಯ ಪ್ರತಿನಿಧಿಯೊಬ್ಬನು ರಾಷ್ಟ್ರದ ಸಭೆಯನ್ನು ಮತ್ತೆ ಸೇರಿದುದು 1993ರಲ್ಲಿ.

ಅಕ್ಷರವು ಬಾಗಿಲೂ ಆಗಬಲ್ಲದು, ಅಡ್ಡಗೋಡೆಯೂ ಆಗಬಲ್ಲದು. ಅದನ್ನು ಎಲ್ಲರಿಗೂ ತೆರೆದ ಬಾಗಿಲಾಗಿಸಲು ಬಯಸಿದ ಈ ಧೀರನನ್ನು ಶಾಲೆಯಲ್ಲಿ ಕುಳಿತು ಓದುವ ನಾವು ಮರೆಯಲಾಗದು.