ಗಿಟಾರಿನ ಮಹಾಸಾಧಕ ಫ್ರಾನ್ಸಿಸ್ಕೋ ತಾರೆಗಾ

ಕ್ರಿಸ್ತಜಯಂತಿ ಸಮೀಪಿಸಿತೆಂದರೆ ದೊಡ್ಡನೆಕ್ಕುಂದಿಯ ನಮ್ಮ ಕುಟುಂಬಗಳಲ್ಲಿ ಗಿಟಾರಿನ ನಾದ ಕೇಳಿಬರುತ್ತದೆ. ಕೆಲವು ಮಕ್ಕಳು ದೇವಾಲಯದ ಗಾಯನವೃಂದಕ್ಕಾಗಿ, ಮತ್ತೆ ಕೆಲವರು ಟ್ರಿನಿಟಿ ಪರೀಕ್ಷೆಗಾಗಿ ಅಭ್ಯಾಸಕ್ಕೆ ಕೂರುತ್ತಾರೆ. ಹಬ್ಬ ಕಳೆದ ಬಳಿಕ ಅದೇ ವಾದ್ಯ ಬೀರುವಿನ ಮೇಲೆ ಧೂಳು ಹಿಡಿಯುವುದನ್ನೂ ನಾವು ಕಂಡಿದ್ದೇವೆ. ಆಗಮನ ಕಾಲದಲ್ಲಿಯೇ, ಡಿಸೆಂಬರ್ 15ರಂದು, ಸ್ಪೇನಿನ ಗಿಟಾರ್ ಗುರು ಫ್ರಾನ್ಸಿಸ್ಕೋ ತಾರೆಗಾ ಅವರ ಪುಣ್ಯತಿಥಿ ಬರುತ್ತದೆ. ಅವರ ಬಾಳನ್ನು ಸ್ಮರಿಸಲು ಇದು ತಕ್ಕ ಸಮಯ.

ತಾರೆಗಾ ಜನಿಸಿದ್ದು 1852ರ ನವೆಂಬರ್ 21ರಂದು, ವಿಯ್ಯಾರೆಯಾಲ್ ಪಟ್ಟಣದಲ್ಲಿ. ಪರಮಪ್ರಸಾದದ ಭಕ್ತರಾದ ಸಂತ ಪಾಸ್ಕಲ್ ಬೈಲೋನರು 1592ರಲ್ಲಿ ದೇಹತ್ಯಾಗ ಮಾಡಿದ ಊರು ಅದು. ನಮ್ಮ ಮೈಸೂರಿನ ವೀಣೆ ಶೇಷಣ್ಣನವರು ಹುಟ್ಟಿದ್ದೂ 1852ರಲ್ಲೇ ಎಂಬುದು ಸ್ವಾರಸ್ಯದ ಸಂಗತಿ.

ಎಳವೆಯಲ್ಲಿ ಬಾಲಕನು ನೀರಾವರಿ ಕಾಲುವೆಗೆ ಬಿದ್ದು ಕಣ್ಣಿಗೆ ಪೆಟ್ಟು ಮಾಡಿಕೊಂಡನು. ಮಗನು ಕುರುಡನಾದರೆ ಸಂಗೀತವಾದರೂ ಅನ್ನ ನೀಡಲಿ ಎಂದು ತಂದೆ ಸಂಸಾರವನ್ನು ಕಾಸ್ತೆಯ್ಯೋನ್ ನಗರಕ್ಕೆ ಸಾಗಿಸಿದರು. ಅಲ್ಲಿ ಅವನ ಮೊದಲ ಗುರುಗಳಿಬ್ಬರೂ ಅಂಧರೇ ಆಗಿದ್ದರು. ಹೀಗೆ ಕತ್ತಲೆಯ ಭಯವೇ ಬಾಲಕನಿಗೆ ನಾದದ ಬಾಗಿಲನ್ನು ತೆರೆಯಿತು.

1874ರಲ್ಲಿ ಅವರು ಮ್ಯಾಡ್ರಿಡ್‌ನ ಸಂಗೀತ ವಿದ್ಯಾಲಯವನ್ನು ಸೇರಿದರು. ಆ ಕಾಲದಲ್ಲಿ ಗಿಟಾರನ್ನು ಹೋಟೆಲು, ಬೀದಿಗಳ ವಾದ್ಯವೆಂದು ಭಾವಿಸುವವರೇ ಹೆಚ್ಚು. ತಾರೆಗಾ ಬಾಖ್, ಬೆಥೋವನ್, ಶೋಪೆನ್ ಮೊದಲಾದವರ ಕೃತಿಗಳನ್ನು ಅದಕ್ಕೆ ಅಳವಡಿಸಿ ಅದರ ಮಾನವನ್ನು ಹೆಚ್ಚಿಸಿದರು. ಅಲ್‌ಹಾಂಬ್ರಾ ಅರಮನೆಯ ನೆನಪಿಗೆ ರಚಿಸಿದ ಕೃತಿ ಇಂದಿಗೂ ಗಿಟಾರ್ ವಾದಕರ ಕೌಶಲಕ್ಕೆ ಒರೆಗಲ್ಲಾಗಿದೆ. ನೋಕಿಯಾ ದೂರವಾಣಿಗಳಲ್ಲಿ ಮೊಳಗುತ್ತಿದ್ದ ಆ ಚಿರಪರಿಚಿತ ಸ್ವರಗಳೂ ಅವರ ಗ್ರಾನ್ ವಾಲ್ಸ್ ಎಂಬ ರಚನೆಯಿಂದ ಆಯ್ದವು.

ಈ ಕೀರ್ತಿಯ ಹಿಂದಿದ್ದುದು ಕಟ್ಟುನಿಟ್ಟಿನ ದಿನಚರಿ. ಶಿಷ್ಯ ಎಮಿಲಿಯೋ ಪುಜೋಲ್ ಬರೆದ ಜೀವನಚರಿತ್ರೆಯಿಂದ ಅದರ ಕ್ರಮ ನಮಗೆ ತಿಳಿಯುತ್ತದೆ. ಒಂದು ಗಂಟೆ ಸ್ವರಶ್ರೇಣಿಗಳು. ಒಂದು ಗಂಟೆ ಸ್ವರಮೇಳವನ್ನು ಬಿಡಿಬಿಡಿಯಾಗಿ ಮೀಟುವ ಆರ್ಪೆಜಿಯೋ. ಮತ್ತೊಂದು ಗಂಟೆ ಎಡಗೈ ಬೆರಳುಗಳಿಂದಲೇ ಸ್ವರ ಬೆಸೆಯುವ ಅಭ್ಯಾಸ. ಕೊನೆಯ ಗಂಟೆ ಕೈಗೆ ಒಗ್ಗದ ಕಠಿಣ ಭಾಗಗಳು. ಜಗತ್ತೇ ಗುರುವೆಂದು ಒಪ್ಪಿದ ಮೇಲೂ ಅವರು ವಿದ್ಯಾರ್ಥಿಯಂತೆಯೇ ಕುಳಿತರು. ಸರಳೆ, ಜಂಟಿ ವರಸೆಗಳನ್ನು ದಾಟಿದ ವಿದ್ವಾಂಸರೂ ಮುಂಜಾನೆ ಅವನ್ನೇ ನುಡಿಸುವ ನಮ್ಮ ನಾಡಿನ ಸಂಪ್ರದಾಯಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

1906ರ ಜನವರಿಯಲ್ಲಿ ಪಾರ್ಶ್ವವಾಯು ಅವರ ಬಲಭಾಗವನ್ನು ಬಾಧಿಸಿತು. ತಂತಿ ಮೀಟುವ ಕೈಯೇ ಜಡವಾದರೆ ವಾದಕನಿಗೆ ಇನ್ನೇನು ಉಳಿಯಿತು? ಆದರೂ ಅವರು ವಾದ್ಯವನ್ನು ತೊರೆಯಲಿಲ್ಲ. ಪೂರ್ಣ ಗುಣಮುಖರಾಗದಿದ್ದರೂ ಮತ್ತೆ ವೇದಿಕೆಯೇರಿದರು. 1909ರ ಡಿಸೆಂಬರ್ 2ರಂದು, ಮರಣಕ್ಕೆ ಹದಿಮೂರು ದಿನಗಳ ಮುನ್ನ, ಶೂಮನ್ನರ ಸ್ವರಗಳನ್ನು ಆಧರಿಸಿ ಕಿರುಕೃತಿಯೊಂದನ್ನು ಬರೆದು ಮುಗಿಸಿದರು. ಅದರ ಹೆಸರು ಓರೆಮುಸ್. ಪ್ರಾರ್ಥಿಸೋಣ ಎಂಬುದು ಆ ಲತೀನ್ ಪದದ ಅರ್ಥ. ಹಿರಿಯರು ಬಲಿಪೂಜೆಯಲ್ಲಿ ಎಷ್ಟೋ ಸಲ ಕೇಳಿದ ಪದವದು. ಬಾರ್ಸಿಲೋನಾದಲ್ಲಿ ಅವರು ಕಣ್ಮುಚ್ಚಿದಾಗ ವಯಸ್ಸು 57.

ಶಾಲೆ, ಪಾಠ, ಧರ್ಮೋಪದೇಶಗಳ ನಡುವೆ ನಮ್ಮ ಮಕ್ಕಳಿಗೆ ನಾಲ್ಕು ಗಂಟೆಗಳು ದೊರಕಲಾರವು. ಆದರೆ ಒಂದು ಗಂಟೆಯನ್ನು ನಾಲ್ಕು ಪಾಲು ಮಾಡಿ, ತಾರೆಗಾರ ಒಂದೊಂದು ಪಾಠಕ್ಕೂ ಕಾಲುಗಂಟೆ ಮೀಸಲಿಡಬಹುದು. ಮೊದಲು ನಿಧಾನವಾಗಿ, ತಪ್ಪಿಲ್ಲದೆ. ವೇಗ ತಾನಾಗಿಯೇ ಬರುತ್ತದೆ. ವಾರಕ್ಕೊಮ್ಮೆ ಮೂರು ಗಂಟೆ ಕೂರುವುದಕ್ಕಿಂತ ದಿನವೂ ಅರ್ಧಗಂಟೆ ಕೂರುವುದು ಮೇಲು. ಸಂಜೆಯ ಜಪಸರಕ್ಕೆ ವೇಳೆ ಗೊತ್ತುಮಾಡಿರುವ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆತ್ತವರು ಆ ಹೊತ್ತಿನಲ್ಲಿ ದೂರದರ್ಶನವನ್ನು ಆರಿಸಿ, ಮಗುವಿನ ಬಳಿ ಕುಳಿತು ಕೇಳಿದರೆ ಸಾಕು. ಈ ಬಾರಿ ಹಬ್ಬ ಮುಗಿದ ಮರುದಿನವೂ ನಮ್ಮ ಮನೆಗಳಲ್ಲಿ ಗಿಟಾರ್ ನುಡಿಯಲಿ ಎಂದು ನಾವು ಹಾರೈಸುತ್ತೇವೆ.